ಅಕ್ಟೋಬರ್‌ಗೆ ಕಾಯುವುದಿಲ್ಲ

ಎಡ್ಮಂಟನ್
ಆಗಸ್ಟ್ ೨೦, ೨೦೧೨

ಪ್ರೀತಿಯ ಅಂಚೆಯಣ್ಣನಿಗೆ ಬಸ್ಸಮ್ಮನ ನಮಸ್ಕಾರಗಳು.

ಈ ಕಾಗದ ಹದಿನಾರು ವರ್ಷ ತಡವಾಗಿ ಬರುತ್ತಿದೆ, ಕ್ಷಮಿಸು. ಕಾಗದ ತಡವಾದರೆ ಬೇರೆಯವರು ಜ್ವರ ಬಂದಿತ್ತು, ನೆಂಟರು ಬಂದಿದ್ದರು ಎಂದು ಏನಾದರೂ ನೆಪ ಹೇಳುತ್ತಾರೆ. ನನ್ನ ನೆಪ ಅದಕ್ಕಿಂತ ನಾಚಿಕೆಗೇಡು. ನಿನ್ನ ವಿಳಾಸ ನನಗೆ ಗೊತ್ತಿರಲಿಲ್ಲ. ವಿಳಾಸ ಹಾಗಿರಲಿ, ಹೆಸರೂ ಗೊತ್ತಿರಲಿಲ್ಲ. ಹದಿನಾರು ವರ್ಷ ಆ ಕ್ರೀಡಾಂಗಣದ ಮೇಲಿನ ಅಂತಸ್ತಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು ಐಸ್ ಹಾಕಿ ನೋಡಿದ್ದೇವೆ, ಒಂದೇ ಪೊಟ್ಟಣದಿಂದ ಕಡಲೆಕಾಯಿ ತಿಂದಿದ್ದೇವೆ, ಗೋಲು ಬಿದ್ದಾಗಲೆಲ್ಲ ನಾನು ನಿನ್ನ ಕುತ್ತಿಗೆಗೆ ಜೋತುಬಿದ್ದಿದ್ದೇನೆ. ನೀನು ಅಂಚೆಯವನಾದ್ದರಿಂದ ಅಂಚೆಯಣ್ಣ, ನಾನು ಸಿಟಿ ಬಸ್ಸು ಓಡಿಸುತ್ತಿದ್ದರಿಂದ ಬಸ್ಸಮ್ಮ. ಅಷ್ಟರಲ್ಲೇ ನಮ್ಮ ಕೆಲಸ ನಡೆದುಹೋಯಿತು. ಜೀವಮಾನವಿಡೀ ಊರವರ ವಿಳಾಸ ಓದಿದ ನಿನಗೂ ನನ್ನದು ಕೇಳಬೇಕೆಂದು ಹೊಳೆಯಲಿಲ್ಲವಲ್ಲ ಮಹರಾಯ!

ಈಗ ಹೇಗೆ ಪತ್ತೆ ಹಚ್ಚಿದೆ ಗೊತ್ತೇ? ನಿವೃತ್ತ ಅಂಚೆಯವರು ಬೆಳಗ್ಗೆ ಕಾಫಿಗೆ ಸೇರುವ ಡೋನಟ್ ಅಂಗಡಿಗೆ ಹೋಗಿ, ಅವರ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತೆ.

"ಯಾರು ಬೇಕಿತ್ತಮ್ಮ?" ಎಂದು ಒಬ್ಬ ಮುದುಕ ಕೇಳಿದ.

"ಹೆಸರು ಗೊತ್ತಿಲ್ಲ. ಕೆಂಪು ಮೀಸೆ. ಎಡಗಾಲು ಎಳೀತಾನೆ. ರೆಫರಿ ಮೇಲೆ ಸಿಟ್ಟು ಬಂದ್ರೆ ಫ್ರೆಂಚಲ್ಲಿ ಬಯ್ತಾನೆ."

"ಓಹೋ, ನಮ್ಮ ರೇಜಾನ್! ನಿಮಗೂ ಏನಾದ್ರೂ ಬಯ್ದುಬಿಟ್ನಾ?"

"ಬಯ್ಯಲಿ ಅಂತಾನೇ ಹುಡುಕ್ತಿರೋದು. ಅವನ ಬಯ್ಗುಳ ಇಲ್ದೆ ಬೇಸಿಗೆ ಸಾಗ್ತಾ ಇಲ್ಲ."

ಅವರೆಲ್ಲ ಬಿದ್ದು ಬಿದ್ದು ನಕ್ಕು, ಕಾಗದದ ಕರವಸ್ತ್ರದ ಮೇಲೆ ನಿನ್ನ ವಿಳಾಸ ಬರೆದುಕೊಟ್ಟರು. ರೇಜಾನ್! ಇಷ್ಟು ಚೆನ್ನಾದ ಹೆಸರನ್ನು ಬಚ್ಚಿಟ್ಟುಕೊಂಡು ಕೂತಿದ್ದೆಯಲ್ಲ. ಬರೆಯಲು ಕೈ ಒಪ್ಪುತ್ತದೆ, ಕರೆಯಲು ನಾಲಿಗೆ ಇನ್ನೂ ಒಪ್ಪುತ್ತಿಲ್ಲ. ಏಪ್ರಿಲ್‌ನಲ್ಲಿ ಕೊನೆಯ ಪಂದ್ಯ ಮುಗಿದು ಮೆಟ್ಟಿಲಿಳಿಯುವಾಗ ನೀನು ಏನೋ ಹೇಳಹೊರಟು ನಿಲ್ಲಿಸಿದ್ದೆ, ನೆನಪಿದೆಯೇ? ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಪತ್ರಿಕೆ ನೀನೂ ಓದುತ್ತಿದ್ದೀಯ. ಸೆಪ್ಟೆಂಬರ್ ನಡುವಿಗೆ ಆಟಗಾರರ ಒಪ್ಪಂದ ಮುಗಿಯುತ್ತದೆ. ಮಾಲೀಕರು ಹೇಳಿದ್ದಕ್ಕೆ ಅವರು ತಲೆಯಾಡಿಸದಿದ್ದರೆ ಮತ್ತೆ ಲಾಕೌಟ್ ಅಂತೆ. ಟಿ.ವಿ.ಯಲ್ಲಿ ಟೈ ಕಟ್ಟಿಕೊಂಡವರು ಇದನ್ನು 'ಮುಷ್ಕರ' ಎಂದಾಗ ನನ್ನ ಮೈ ಉರಿಯುತ್ತದೆ. ಮುಷ್ಕರ ಎಂದರೆ ದುಡಿಯುವವನು ಹೊರಗೆ ಬರುವುದು. ನಾನು ನನ್ನ ಯೂನಿಯನ್ನಿನ ಬಾವುಟ ಹಿಡಿದು ಕೊರೆಯುವ ಚಳಿಯಲ್ಲಿ ಹಾಗೆ ನಿಂತವಳು. ಇದು ಅದಲ್ಲ. ದುಡಿಯಲು ಬಂದವನ ಮುಖದ ಮೇಲೆ ಬಾಗಿಲು ಹಾಕುವುದು ಇದು. ಕಳೆದ ವರ್ಷ ನಿಮ್ಮ ಅಂಚೆಯವರನ್ನೂ ಹೀಗೇ ಹೊರಗೆ ನಿಲ್ಲಿಸಿದ್ದರಲ್ಲ, ನಿನಗೆ ನಾನು ಹೇಳಿಕೊಡಬೇಕೇ?

ಎಂಟು ವರ್ಷದ ಹಿಂದೆ ಇದೇ ಮಾಲೀಕರು ನಮ್ಮ ಕಿವಿಗೆ ಚೆನ್ನಾಗಿ ಹೂ ಇಟ್ಟರು. "ಒಂದು ಚಳಿಗಾಲ ಸಹಿಸಿಕೊಳ್ಳಿ, ಆಟಗಾರರ ಸಂಬಳಕ್ಕೆ ಮಿತಿ ಹಾಕಿಸುತ್ತೇವೆ, ನಿಮ್ಮಂಥ ಸಣ್ಣ ಊರಿನ ತಂಡ ಉಳಿಯುತ್ತದೆ" ಎಂದರು. ನಾವೂ ಹೌದಪ್ಪ ಎಂದು ತಲೆಯಾಡಿಸಿದೆವು. ಸೀಸನ್ನೇ ಮುಳುಗಿತು. ಮಿತಿ ಬಂತು. ತಂಡವೂ ಉಳಿಯಿತು, ಉಳಿದು ಈಗ ಸೋಲುವುದನ್ನೇ ಕಸುಬು ಮಾಡಿಕೊಂಡಿದೆ. ಅದೇ ಮಾಲೀಕರಿಗೆ ಆ ಮಿತಿ ಈಗ ಸಾಲದಂತೆ. ಈ ಸಲ ನನ್ನ ಕಿವಿಯಲ್ಲಿ ಜಾಗವಿಲ್ಲ.

ಹೋದ ವಾರ ತಂಡದ ಕಚೇರಿಯಿಂದ ಒಂದು ಹುಡುಗಿ ಫೋನು ಮಾಡಿದ್ದಳು. ಜೇನಿನಂಥ ದನಿ.

"ಮೇಡಂ, ಮುಂದಿನ ಸೀಸನ್ನಿಗೂ ನಿಮ್ಮ ಸೀಟು ನಿಮಗೇ ಇಡೋಣ್ವಾ?"

"ಅಕ್ಟೋಬರಲ್ಲಿ ಆಟ ಶುರುವಾಗ್ಬೇಕಲ್ಲ, ಬಾಗಿಲು ತೆಗೀತೀರಾ?"

"ಅದು ನಮ್ಮ ಕೈಲಿಲ್ಲ ಮೇಡಂ."

"ಬಾಗಿಲು ನಿಮ್ದು, ಬೀಗ ನಿಮ್ದು. ನಿಮ್ಮ ಕೈಲಿಲ್ದೆ ನನ್ನ ಕೈಲಿದೆಯಾ?"

ಅವಳು ದನಿ ತಗ್ಗಿಸಿ, "ಆಂಟಿ, ಬಾಗಿಲು ಹಾಕಿದ್ರೆ ನನ್ನ ಕೆಲಸಾನೂ ಇರುತ್ತೋ ಇಲ್ವೋ ಗೊತ್ತಿಲ್ಲ" ಎಂದಳು. ನನ್ನ ಸಿಟ್ಟು ಜರ್ರನೆ ಇಳಿಯಿತು. "ನಿನ್ನ ಮೇಲೆ ಕೋಪ ಇಲ್ಲ ಮಗು. ಸೀಟು ಇಡೋದಾದ್ರೆ ಇಡು, ಬಿಡೋದಾದ್ರೆ ಬಿಡು. ನನ್ನ ಸಾಲು ಎಲ್ಲಿ ಕೂರಬೇಕು ಅಂತ ಇನ್ಮೇಲೆ ನಾನೇ ನೋಡ್ಕೋತೀನಿ" ಎಂದು ಫೋನಿಟ್ಟೆ. ಅವಳಿಗೆ ಏನು ಅರ್ಥವಾಯಿತೋ ಕಾಣೆ.

ನಿನಗೆ ಅರ್ಥವಾಗಬೇಕಾದರೆ ಕ್ಯಾಮ್ರೋಸ್‌ನಲ್ಲಿ ನಡೆದದ್ದನ್ನು ಹೇಳಬೇಕು. ಈ ತಿಂಗಳ ಮೊದಲಲ್ಲಿ ನಾವು ನಿವೃತ್ತ ಡ್ರೈವರುಗಳೆಲ್ಲ ಒಂದು ಬಸ್ಸು ಮಾಡಿಕೊಂಡು ಆ ಊರಿಗೆ ಹೋಗಿದ್ದೆವು. ಬಸ್ಸಿನ ತುಂಬ ಡ್ರೈವರುಗಳೇ. ಓಡಿಸುತ್ತಿದ್ದ ಪಾಪದವನಿಗೆ ದಾರಿಯುದ್ದಕ್ಕೂ ಎಲ್ಲರೂ ಬುದ್ಧಿ ಹೇಳಿದೆವು. ಅಲ್ಲಿ ಚರ್ಚಿನ ಅಂಗಳದಲ್ಲಿ ತಿಂಡಿ ಮಾರುತ್ತಿದ್ದರು. ಒಂದು ಮೇಜಿನ ಮೇಲೆ ಆಲೂಗಡ್ಡೆ ರೊಟ್ಟಿ ಇತ್ತು. ಕಾಗದದಷ್ಟು ತೆಳು, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ್ದು. ಒಂದು ತುಂಡು ಬಾಯಿಗೆ ಹಾಕಿಕೊಂಡೆ, ಕಣ್ಣಲ್ಲಿ ನೀರು ಬಂತು. ನಮ್ಮ ರೊಟ್ಟಿಯಣ್ಣನ ರೊಟ್ಟಿ!

ಅವನು ಹೊರಗಿನ ತಿಂಡಿ ಒಳಗೆ ಬಿಡದ ಕಾವಲಿನವರ ಮುಂದೆ ಕೋಟಿನ ತೋಳಿನಲ್ಲಿ ಇದನ್ನೇ ತುಂಬಿಕೊಂಡು ಬರುತ್ತಿದ್ದುದು ನೆನಪಿದೆಯಲ್ಲ? "ತೋಳಲ್ಲೇನು ಯಜಮಾನ್ರೆ?" ಎಂದರೆ, "ವಾತ ಕಣಪ್ಪ, ಬಟ್ಟೆ ಸುತ್ತಿದೀನಿ" ಎಂದು ಮುಖ ಕಿವುಚುತ್ತಿದ್ದ. ಆಮೇಲೆ ನನ್ನ ಬಲಗಡೆ ಕೂತು, ಬಿಸಿ ಆರದ ರೊಟ್ಟಿ ತೆಗೆದು ಮೊದಲು ನನಗೆ ಕೊಡುತ್ತಿದ್ದ. ಲಾಕೌಟ್ ಮುಗಿದು ಬಾಗಿಲು ತೆರೆದ ದಿನ ಅವನ ಸೀಟಿನಲ್ಲಿ ಯಾರೋ ಗಡ್ಡದ ಹುಡುಗ ಕೂತಿದ್ದ. "ಈ ಸೀಟಿನವ್ರು ಚಳಿಗಾಲದಲ್ಲಿ ತೀರ್ಕೊಂಡ್ರಂತೆ" ಎಂದಷ್ಟೇ ಹೇಳಿದ. ಇನ್ನು ಮೇಲೆ ಎಲ್ಲರ ಹೆಸರು, ವಿಳಾಸ ಬರೆದಿಟ್ಟುಕೊಳ್ಳಬೇಕು ಎಂದು ಅವತ್ತೇ ನಾನು ಅಂದೆ, ನೀನೂ ಹೂಂ ಅಂದೆ. ಅಷ್ಟರಲ್ಲಿ ಐಸಿನ ಮೇಲೆ ಬಿಲ್ಲೆ ಬಿತ್ತು, ಆಟ ಶುರುವಾಯಿತು, ಮಾತು ಅಲ್ಲೇ ಸತ್ತಿತು.

ಮೇಜಿನ ಹಿಂದೆ ನಿಂತಿದ್ದ ಹೆಂಗಸಿಗೆ ಹೇಳಿದೆ, "ಇಂಥ ರೊಟ್ಟೀನ ನಾನು ಹಾಕಿ ನೋಡ್ತಾ ತಿಂತಿದ್ದೆ. ಒಬ್ಬರು ಕೋಟಿನ ತೋಳಿಂದ ತೆಗೆದು ಕೊಡೋರು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. ನನ್ನನ್ನೇ ನೋಡಿ, "ನೀವು... ಬಸ್ಸಮ್ಮನಾ?" ಎಂದಳು.

ಅವಳು ಸಿಗ್ನೆ, ಅವನ ಮಗಳು. ಅವನ ಹೆಸರು ಹಾಲ್ವರ್, ರೇಜಾನ್. ಹಾಲ್ವರ್ ಲುಂಡೆ. ಅವನು ಹೋಗಿ ಏಳು ವರ್ಷವಾದ ಮೇಲೆ ನನಗೆ ಅವನ ಹೆಸರು ಗೊತ್ತಾಯಿತು. ಸಿಗ್ನೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಎಲ್ಲ ಹೇಳಿದಳು. ಆ ಚಳಿಗಾಲವಿಡೀ ಅವನು ಪಂದ್ಯ ಇರಬೇಕಾಗಿದ್ದ ಪ್ರತಿ ಸಂಜೆ ಸಿಟಿ ರೈಲು ಹತ್ತಿ ಕ್ರೀಡಾಂಗಣಕ್ಕೆ ಹೋಗುತ್ತಿದ್ದನಂತೆ. ಬೇಸಿಗೆಯಲ್ಲೇ ಅಚ್ಚಾಗಿದ್ದ ವೇಳಾಪಟ್ಟಿ ಅಡುಗೆಮನೆಯ ಗೋಡೆಯ ಮೇಲೆ ಅಂಟಿಸಿತ್ತು.

"ನಾನೆಷ್ಟು ಬಯ್ದೆ ಗೊತ್ತಾ? ಬಾಗಿಲು ಹಾಕಿದೆ ಅಪ್ಪ, ಅಲ್ಲಿ ಯಾರಿದಾರೆ ಅಂತ ಹೋಗ್ತೀಯ ಅಂತ. 'ಆಟ ಇಲ್ದಿದ್ರೇನು, ನಮ್ಮ ಸಾಲಿನೋರು ಯಾರಾದ್ರೂ ಬರ್ಬಹುದು' ಅನ್ನೋರು. ತೋಳಲ್ಲಿ ರೊಟ್ಟಿ ತುಂಬ್ಕೊಂಡು ಹೋಗೋರು, ಹಾಗೇ ವಾಪಸ್ ತರೋರು."

ಫೆಬ್ರವರಿಯಲ್ಲಿ ಹೃದಯ ಕೈಕೊಟ್ಟು ಆಸ್ಪತ್ರೆ ಸೇರಿದ. ಬಸ್ಸಮ್ಮನಿಗೆ ತಿಳಿಸು ಎಂದು ಮಗಳಿಗೆ ಹೇಳಿದ. ಅವಳು ಬಸ್ಸಿನ ಡಿಪೋಗೆ ಫೋನು ಮಾಡಿದಳು.

"ಹೆಸರೇನು ಅಂತ ಕೇಳಿದ್ರು. ಅಪ್ಪನ್ನ ಕೇಳ್ದೆ. 'ಬಸ್ಸಮ್ಮ' ಅಂದ್ರು. ಯಾವ ಬಸ್ಸು ಅಂದೆ. 'ನಂಗೇನು ಗೊತ್ತು, ಅವಳ ಬಸ್ಸು ನಾನು ಹತ್ತಿಲ್ಲ' ಅಂದ್ರು. ಆಮೇಲೆ ನಕ್ಕುಬಿಟ್ರು. ನಾನು ಎಲ್ಲೀಂತ ಹುಡುಕ್ಲಿ ಹೇಳಿ?"

ನಾವು ಯಾರೂ ಆ ಬಾಗಿಲಿಗೆ ಹೋಗಲಿಲ್ಲ, ರೇಜಾನ್. ಮಾಲೀಕರು ಬೀಗ ಹಾಕಿದ್ದು ಐಸ್ ಅಂಗಳಕ್ಕೆ. ನಾವು ನಮಗೂ ಹಾಕಿದೆ ಎಂದುಕೊಂಡು ಮನೆಯಲ್ಲಿ ಕೂತೆವು. ಇದನ್ನು ಬರೆಯುವಾಗ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು.

ಅದಕ್ಕೇ ಈಗ ನಾನು ಸುಮ್ಮನೆ ಕೂರುವವಳಲ್ಲ. ನಮ್ಮ ಬಡಾವಣೆಯ ಕ್ಲಬ್ಬಿನವರು ಬಾಡಿಗೆಗೆ ಹಿಡಿದಿರುವ ಐಸ್ ಒಳಾಂಗಣದಲ್ಲಿ ವಾರದಲ್ಲಿ ಮೂರು ಸಂಜೆ ಹನ್ನೆರಡು ವರ್ಷದೊಳಗಿನ ಹುಡುಗಿಯರು ಹಾಕಿ ಆಡುತ್ತಾರೆ. ನೋಡಲು ಅವರ ತಾಯಂದಿರು ಬಿಟ್ಟರೆ ಒಂದು ನರಪಿಳ್ಳೆಯೂ ಇರುವುದಿಲ್ಲ. ದೊಡ್ಡವರು ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯದಿದ್ದರೆ ನಮ್ಮ ಸಾಲು ಅಲ್ಲಿ ಕೂರುತ್ತದೆ. ಅದೇ ಕ್ರಮದಲ್ಲಿ: ನೀನು, ನಾನು, ಹಾಲ್ವರನ ಜಾಗದಲ್ಲಿ ಸಿಗ್ನೆ, ತುದಿಯಲ್ಲಿ ಗೋಲಿಗೊಂದು ಶಿಳ್ಳೆ ಹಾಕುತ್ತಿದ್ದ ನಮ್ಮ ಶಿಳ್ಳೆ. ಸಿಗ್ನೆ ರೊಟ್ಟಿ ತರುತ್ತಾಳೆ. ತೋಳಿನಲ್ಲೇ ತರಬೇಕೆಂದು ಹೇಳಿದ್ದೇನೆ.

ಶಿಳ್ಳೆಯ ಹೆಸರು ರೊಹೇಲಿಯೊ ಅಂತೆ. ಅವನು ಹೊಗೆ ಹಾಕಿದ ಮಾಂಸದ ಅಂಗಡಿಯ ವಾಸನೆಯನ್ನು ಮೈಯಲ್ಲೇ ಹೊತ್ತು ಬರುತ್ತಿದ್ದುದರಿಂದ ಹುಡುಕುವುದು ಸುಲಭವಾಯಿತು. ಮೊದಲು ಮೂಗು ಮುರಿದ.

"ಎರಡೂ ಕಡೆಯೋರು ಕೋಟ್ಯಧೀಶರು ಬಸ್ಸಮ್ಮ. ಕಿತ್ತಾಡ್ಕೊಳ್ಳಲಿ ಬಿಡು, ನಮಗೇನು?"

"ಎಷ್ಟೇ ದುಡಿದ್ರೂ ಆಟಗಾರನ ಮೊಣಕಾಲು ಹೋದ್ರೆ ಅವನ ಕತೆ ಮುಗೀತು. ಮಾಲೀಕನ ಮೊಣಕಾಲು ಹೋದ್ರೆ ಲಿಫ್ಟು ಹಾಕಿಸ್ಕೋತಾನೆ. ನಾನು ಮೊಣಕಾಲಿನ ಕಡೆ."

"ಸರಿ, ಹನ್ನೆರಡು ವರ್ಷದ ಹುಡುಗೀರ ಆಟಕ್ಕೆ ನಾನು ಹೇಗೆ ಶಿಳ್ಳೆ ಹಾಕ್ಲಿ? ಮರ್ಯಾದೆ ಬೇಡ್ವಾ?"

"ನಮ್ಮ ತಂಡ ಆಡಿದ್ದಕ್ಕೇ ಹಾಕಿದೀಯ. ಇವರು ಅದಕ್ಕಿಂತ ಚೆನ್ನಾಗಾಡ್ತಾರೆ."

ಅವನು ಕೈಯಲ್ಲಿದ್ದ ಚಾಕು ಕೆಳಗಿಟ್ಟು, ಅಂಗಡಿಯಲ್ಲಿದ್ದವರೆಲ್ಲ ಬೆಚ್ಚುವಂತೆ ಒಂದು ಶಿಳ್ಳೆ ಹಾಕಿದ. ಒಪ್ಪಿದ ಎಂದು ಲೆಕ್ಕ. ಇನ್ನು ನೀನೊಬ್ಬ ಬಾಕಿ. ಕಾಲುನೋವು, ಚಳಿ, ದೂರ ಎಂದು ರಾಗ ಎಳೆಯಬೇಡ. ನಾನೇ ಕಾರಿನಲ್ಲಿ ಬಂದು ಹತ್ತಿಸಿಕೊಳ್ಳುತ್ತೇನೆ. ಮೂವತ್ತು ವರ್ಷ ಊರನ್ನೆಲ್ಲ ಹೊತ್ತು ತಿರುಗಿದವಳಿಗೆ ನೀನೊಬ್ಬ ಭಾರವೇ? ಬೀಗ ಹಾಕುವವರು ಹಾಕಿಕೊಳ್ಳಲಿ, ಅವರ ಕೀಲಿಗೆ ನಮ್ಮ ಸಾಲು ಸಿಗುವುದಿಲ್ಲ.

ನಿನ್ನ ಕಾಲಿಗೆ ಬಲ ಬರಲಿ, ಮೀಸೆ ಕೆಂಪಗೇ ಇರಲಿ. ದೇವಮಾತೆ ನಿನ್ನನ್ನು ಕಾಯಲಿ, ನಿನ್ನ ಬಯ್ಗುಳಗಳನ್ನು ಕೇಳಿಸಿಕೊಳ್ಳದೆ.

ನಿನ್ನ ಬಲಗೈ ಪಕ್ಕದವಳು,
ಬಸ್ಸಮ್ಮ
(ಒರೀಸ್ಯಾ ಕುಜಿಕ್. ಬರೆದಿಟ್ಟುಕೋ. ವಿಳಾಸ ಲಕೋಟೆಯ ಹಿಂದಿದೆ.)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಲಾಕೌಟಿನ ಮುಂಚಿನ ಏಪ್ರಿಲ್‌ನಲ್ಲಿ, ಕೊನೆಯ ಪಂದ್ಯದ ರಾತ್ರಿ, ಹಾಲ್ವರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನನಗೊಬ್ಬಳಿಗೇ ಕೇಳುವಂತೆ ಹೇಳಿದ: "ಬಸ್ಸಮ್ಮ, ನಿನ್ನ ಹತ್ರ ಒಂದು ಮಾತು ಕೇಳ್ಬೇಕು. ಇವತ್ತು ಬೇಡ, ಸೋತು ಬಾಯೆಲ್ಲ ಕಹಿ ಆಗಿದೆ. ಅಕ್ಟೋಬರಲ್ಲಿ ಕೇಳ್ತೀನಿ." ಆ ಬೇಸಿಗೆ ನಾನು ಒಂದು ಹಸಿರು ಕೋಟು ಕೊಂಡೆ. ಐವತ್ತೈದು ವರ್ಷದ ವಿಧವೆ, ಕನ್ನಡಿ ಮುಂದೆ ಹುಡುಗಿಯಂತೆ ತಿರುಗಿ ತಿರುಗಿ ನೋಡಿಕೊಂಡೆ. ಅಕ್ಟೋಬರ್ ಬರಲೇ ಇಲ್ಲ. ಆ ಕೋಟು ಇವತ್ತಿಗೂ ಹಾಕಿಲ್ಲ. ಅವನು ಏನು ಕೇಳಬೇಕೆಂದಿದ್ದ ಎಂದು ಸಿಗ್ನೆಯನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲ. ನಾನು ಕೊಡಬೇಕೆಂದಿದ್ದ ಉತ್ತರ ಮಾತ್ರ ನನಗೆ ಗೊತ್ತು: ಹೂಂ.

ಈ ಏಪ್ರಿಲ್‌ನಲ್ಲಿ ನೀನು ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದುಕೊಂಡು, "ಒಂದು ವಿಷಯ ಇದೆ ಬಸ್ಸಮ್ಮ, ಅಕ್ಟೋಬರಲ್ಲಿ ಹೇಳ್ತೀನಿ" ಎಂದೆ. ನಾನು ನಕ್ಕು ಮನೆಗೆ ಬಂದು ಬೆಳಗಿನವರೆಗೆ ನಿದ್ದೆ ಮಾಡಲಿಲ್ಲ. ಅದು ಡಾಕ್ಟರು ಹೇಳಿದ್ದೋ, ನಿನ್ನ ಮನಸ್ಸು ಹೇಳಿದ್ದೋ, ಸೀಟು ಬದಲಾಯಿಸುವ ಮಾತೋ ನನಗೆ ಗೊತ್ತಿಲ್ಲ. ಏನೇ ಇರಲಿ, ಅಂಚೆಚೀಟಿ ಹಚ್ಚಿದ ಲಕೋಟೆಯೊಂದನ್ನು ಇದರ ಜೊತೆಗಿಟ್ಟಿದ್ದೇನೆ. ಡಬ್ಬಿ ಎಲ್ಲಿದೆ ಎಂದು ನಿನಗೆ ಯಾರೂ ಹೇಳಬೇಕಿಲ್ಲ. ಇನ್ನೊಂದು ಅಕ್ಟೋಬರನ್ನು ನಾನು ಆ ಮಾಲೀಕರ ಕೈಗೆ ಕೊಡುವುದಿಲ್ಲ, ರೇಜಾನ್. ಈಗಲೇ ಹೇಳು.