ಕಮಾನಿನ ಮೇಲಿನ ಮಣ್ಣು

4 ಆಗಸ್ಟ್ 2014, ಸೋಮವಾರ. ಕಿಲ್ಬರ್ನ್, ಅಡಿಲೇಡ್

ಟ್ರೇನ್ ಲೇಟು. ಆಫೀಸಿನಲ್ಲಿ ಮತ್ತೆ ಅದೇ ಫೈಲು: ಗುಡ್ಡದ ಕಡೆಯ ಕಲ್ಲಿನ ಸೇತುವೆ. ಒಂಬತ್ತು ಮೀಟರ್ ಕಮಾನು, ನೂರೈವತ್ತು ವರ್ಷ ಹಳೆಯದು. ಎತ್ತಿನ ಗಾಡಿಗೆಂದು ಕಟ್ಟಿದ್ದು. ಈಗ ದಿನಕ್ಕೆ ಆರು ಸಲ ನಲವತ್ತೆರಡು ಟನ್ನಿನ ಹಾಲಿನ ಟ್ಯಾಂಕರ್ ದಾಟುತ್ತದೆ. ನನ್ನ ಸಾಫ್ಟ್‌ವೇರ್ ಪ್ರಕಾರ ಅದು ಎಂದೋ ಬೀಳಬೇಕಿತ್ತು. ಬಿದ್ದಿಲ್ಲ, ಒಂದು ಬಿರುಕೂ ಇಲ್ಲ. ಹೇಗೆ?

ತಲೆ ಕೆಡಿಸಿಕೊಳ್ಳಲು ಪುರುಸೊತ್ತಿಲ್ಲ. ಪ್ರೊಬೇಷನ್ ಮುಗಿಯಲು ಇನ್ನೂ ಆರು ವಾರ. ರಿಪೋರ್ಟ್ ಬರೆದೆ: ಕಮಾನಿನ ಮೇಲಿನ ಮಣ್ಣು ಅರ್ಧ ತೆಗೆದು ಭಾರ ಇಳಿಸಿ. ಮಾಲವಿಕಾ ಎಂದು ಸಹಿ. ಬಾಸ್ ಕೆಲ್ವಿನ್ ಓದದೆಯೇ ಕಳಿಸಿದ.

15 ಆಗಸ್ಟ್, ಶುಕ್ರವಾರ, ಸಂಜೆ

ಸೈಟ್ ಸೂಪರ್‌ವೈಸರ್ ಶ್ರೀಹರಿಯ ಫೋನ್. ನಮ್ಮ ಮೈಸೂರಿನವನೇ. "ನಾಳೆ ಏಳಕ್ಕೆ ಸೇತುವೆ ಮೇಲೆ ಡಿಗ್ಗರ್ ಹತ್ತಿಸ್ತೀನಿ ಮೇಡಂ. ಒಂದ್ ಸೈಡ್ ಮಣ್ಣು ಪೂರ್ತಿ ತೆಗ್ದು ಆಮೇಲೆ ಇನ್ನೊಂದು. ಅರ್ವೋ ಒಳಗೆ, ಅಂದ್ರೆ ಮಧ್ಯಾಹ್ನದೊಳಗೆ, ಮುಗಿಸ್ಬಿಡ್ತೀವಿ."

ಸರಿ ಎಂದೆ. ಆದರೂ ಆ "ಹೇಗೆ" ಬಿಡುತ್ತಿಲ್ಲ.

16 ಆಗಸ್ಟ್, ಬೆಳಿಗ್ಗೆ 6.10

ಆಲೂಗಡ್ಡೆ ಪಲ್ಯಕ್ಕೆ ಕತ್ತರಿಸುತ್ತಿದ್ದೆ. ಸುಮ್ಮನೆ ಏಳು ತುಂಡು ಓರೆಯಾಗಿ ಕೊಯ್ದು ಕೇಕಿನ ಟಿನ್ನಿನೊಳಗೆ ಕಮಾನು ಜೋಡಿಸಿದೆ. ಬೆರಳು ತಾಗಿದರೆ ಕುಸಿಯುತ್ತಿತ್ತು. ಮತ್ತೆ ಜೋಡಿಸಿ ಸುತ್ತಲೂ, ಮೇಲೂ ಅಕ್ಕಿ ತುಂಬಿದೆ. ಅದರ ಮೇಲೆ ಕುಕ್ಕರ್ ಇಟ್ಟೆ. ಜಪ್ಪಯ್ಯ ಅನ್ನಲಿಲ್ಲ! ಆಮೇಲೆ ಒಂದು ಬದಿಯ ಅಕ್ಕಿ ಮಾತ್ರ ಚಮಚದಲ್ಲಿ ತೆಗೆದೆ...

ಕುಕ್ಕರ್ ಧೊಪ್ಪೆಂದು ಬಿತ್ತು.

ಭಾರವೇ ಕಲ್ಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ಕಲ್ಲು ಮಣ್ಣು ಸೇರಿ ಇನ್ನೂರು ಟನ್ನಿಗೂ ಮೇಲೆ — ಆ ಒತ್ತಡ ಕಲ್ಲಿಗೆ ಏನೇನೂ ಅಲ್ಲ. ಅಷ್ಟು ಭಾರ ಹೊತ್ತು ನಿಂತ ಕಮಾನಿಗೆ ಟ್ಯಾಂಕರ್ ಯಾವ ಲೆಕ್ಕ? ನಾನು ಅದನ್ನು ಕಾಂಕ್ರೀಟ್ ತೊಲೆ ಎಂದುಕೊಂಡು ಲೆಕ್ಕ ಹಾಕಿದ್ದೆ. ಮಣ್ಣನ್ನು ಬರೀ ಹೊರೆ ಎಂದುಕೊಂಡಿದ್ದೆ. ಒಂದೇ ಬದಿ ತೆಗೆದರೆ —

6.48

ಮೂರನೇ ಸಲಕ್ಕೆ ಶ್ರೀಹರಿ ಫೋನ್ ಎತ್ತಿದ.

"ಡಿಗ್ಗರ್ ನಿಲ್ಸಿ. ಮಣ್ಣು ಮುಟ್ಬೇಡಿ."

"ರಿಪೋರ್ಟ್‌ನಲ್ಲಿ ನಿಮ್ದೇ ಸೈನ್ ಇದ್ಯಲ್ಲ ಮೇಡಂ. ಕೆಲ್ವಿನ್‌ಗೆ ಏನ್ ಹೇಳ್ಲಿ?"

"ಮಾಲವಿಕಾ ತಪ್ಪು ಮಾಡಿದಾಳೆ ಅಂತ ಹೇಳಿ."

ಇಂಜಿನ್ ಆರಿಸಿದ ಸದ್ದು ಕೇಳಿಸಿತು. "ಇವತ್ತು ಆಪರೇಟರ್ ರಜಾ. ನಾನೇ ಹತ್ತಿ ಕೂತಿದ್ದೆ," ಎಂದ.

7.05

ಕೆಲ್ವಿನ್‌ನ ಕರೆ, ಫೋನ್ ಹೊಡೆದುಕೊಳ್ಳುತ್ತಿದೆ. ಕೆಲಸ ಹೋದರೆ ವೀಸಾನೂ ಹೋಗುತ್ತದೆ. ತಪ್ಪನ್ನು ಸಾಫ್ಟ್‌ವೇರ್ ಮೇಲೆ ಹಾಕಬಹುದು. ನಂಬುತ್ತಾನೆ ಕೂಡ. ಬೇಡ, ನೇರ ಹೇಳುತ್ತೇನೆ: ಲೆಕ್ಕ ತಪ್ಪಿದ್ದು ನಾನು. ಫೋನ್ ಎತ್ತುತ್ತಿದ್ದೇನೆ.