ಕೋಬೆಯಲ್ಲಿ ಚಪ್ಪಲಿ ಬಿಟ್ಟೆ

ಕೋಬೆ, ಜಪಾನ್
೧೭-೬-೨೦೦೨

ಅಣ್ಣನಿಗೆ ನಮಸ್ಕಾರ.

ವಿಶ್ವಕಪ್ ಫುಟ್‌ಬಾಲಿನ ಬ್ರೆಜಿಲ್ ಆಟ ಶುರುವಾಗಲು ಇನ್ನರ್ಧ ಗಂಟೆಯಿದೆ. ಭದ್ರಾವತಿಯ ಫ್ಯಾಕ್ಟರಿ ಮೈದಾನದಲ್ಲಿ ನೀನು ಕಲಿಸಿದ ಹಾಗೆ ಇಲ್ಲೂ ಕ್ರೀಡಾಂಗಣದ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹಿಂದೆಯೇ ಬಂದ ಜಪಾನಿ ಅಜ್ಜ ಅದನ್ನು ನೋಡಿ ತಮ್ಮ ಬೂಟು ಬಿಚ್ಚಿ ನನ್ನ ಚಪ್ಪಲಿಯ ಪಕ್ಕ ಜೋಡಿಸಿಟ್ಟರು! "ಅಯ್ಯೋ, ಹಾಕ್ಕೊಳ್ಳಿ ಅಜ್ಜಾ, ಇದು ನಮ್ಮೂರ ರೂಢಿ ಅಷ್ಟೆ" ಎಂದೆ. ಕನ್ನಡ ಅವರಿಗೆಲ್ಲಿ ಗೊತ್ತು? ತಲೆ ಬಾಗಿಸಿ ನಕ್ಕು, ಪಕ್ಕದಲ್ಲೇ ಬರಿಗಾಲಲ್ಲಿ ಕೂತಿದ್ದಾರೆ.

ನೆಗಡಿ ಬಿಟ್ಟರೆ ಆರೋಗ್ಯವಾಗಿದ್ದೇನೆ, ಅತ್ತಿಗೆಗೆ ಹೇಳು.

ಅಗೋ, ಹಳದಿ ಅಂಗಿಯವರು ಅಭ್ಯಾಸಕ್ಕೆ ಇಳಿದರು! ಟಿ.ವಿ.ಯಲ್ಲಿ ಹೆಬ್ಬೆರಳಷ್ಟು ಕಾಣುತ್ತಿದ್ದವರು ಇಲ್ಲಿ ಆಳೆತ್ತರ ಇದ್ದಾರೆ. ಅವರು ಚೆಂಡು ಒದೆಯುವ ಸದ್ದನ್ನು ಕಣ್ಣು ಮುಚ್ಚಿ ಕೇಳಿದೆ. ನಿನ್ನ ಮಂಡಿ ಮುರಿಯುವ ಮುಂಚೆ ನಮ್ಮ ಮೈದಾನದಲ್ಲಿ ಕೇಳುತ್ತಿದ್ದ ಅದೇ ಸದ್ದು, ಅಣ್ಣಾ.

ಯೋಗರಾಜ್