ಮೈನಸ್ ಫ್ಲಾಸ್ಕ್

೪ ಸೆಪ್ಟೆಂಬರ್ ೨೦೦೬, ಸೋಮವಾರ

ಏಳೂವರೆಗೆ ಲ್ಯಾಬ್. ರಾತ್ರಿ ಕರೆಂಟು ಹೋಗಿರಲಿಲ್ಲ, ಅದೇ ದೊಡ್ಡದು. ಪ್ಲಸ್ ಫ್ಲಾಸ್ಕ್ ಹಸಿರು! ಕಿಟಕಿ ಹತ್ತಿರ ಹಿಡಿದು ನೋಡಿದೆ, ಇನ್ನೊಮ್ಮೆ ನೋಡಿದೆ. ಎಂಟು ತಿಂಗಳಾದ ಮೇಲೆ. ಗಿಗಿರಿಯ ಹೆಡ್ಡಾಫೀಸಿಗೆ, ಡೈರೆಕ್ಟರ್‌ಗೆ ಮೇಲ್ ಹಾಕಿಯೇಬಿಟ್ಟೆ. ಹೋಲಿಸಿ ನೋಡುವ ಮೈನಸ್ ಫ್ಲಾಸ್ಕ್ ಆಮೇಲೆ ಮಾಡಿದರಾಯ್ತು.

ಪಿಪೆಟ್ ತುದಿಗೆ ಸಿಕ್ಕಿಸುವ ಟಿಪ್ಸ್ ಮೊಂಬಾಸಾ ಬಂದರಿನಲ್ಲಿ ಮೂರು ವಾರದಿಂದ ಕೂತಿವೆ. ಉಳಿದಿರುವುದು ಎರಡು ಡಬ್ಬ. ಟೆಕ್ನಿಷಿಯನ್ ಗ್ರೇಸ್‌ಗೆ ಹೇಳಿದೆ — ಬಳಸಿದ್ದು ಎಸೆಯಬೇಡಿ, ತೊಳೆದು ಆಟೋಕ್ಲೇವ್‌ನ ಬಿಸಿ ಆವಿಗೆ ಹಾಕಿ, ಮತ್ತೆ ಬಳಸೋಣ. ಮೈಸೂರಿನಲ್ಲಿ ಇಡೀ ಪಿಎಚ್‌ಡಿ ಹಾಗೇ ಮುಗಿಸಿದವನು ನಾನು.

"ಈ ಕೆಲಸಕ್ಕೆ ಬೇಡ, ಡಾಕ್ಟಾರಿ," ಅಂದರು.

"ಹೇಳಿದಷ್ಟು ಮಾಡಿ."

"ಸವಾ."

ಸವಾ ಅಂದರೆ ಸರಿ ಅಂತ. ಒಪ್ಪಿದೆ ಅಂತಲೇ ಆಗಬೇಕಿಲ್ಲ.

೧೨ ಸೆಪ್ಟೆಂಬರ್

ಚಿತ್ರಾನ್ನ ಜಾಸ್ತಿಯಾಗಿತ್ತು. ಒಬ್ಬನಿಗೆ ಅಡುಗೆ ಮಾಡುವ ಅಳತೆ ನಲವತ್ತಾರು ವರ್ಷವಾದರೂ ಕೈಗೆ ಹತ್ತಿಲ್ಲ. ಗ್ರೇಸ್‌ಗೆ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟೆ. ಅವರು ಬೇಯಿಸಿದ ಕೆಸುವಿನ ಗೆಡ್ಡೆ ತಂದಿದ್ದರು. ಉಪ್ಪು ಬಿಟ್ಟರೆ ಏನೂ ಇಲ್ಲ. ಚಹಾ ಜೊತೆ ತಿಂದೆವು. ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಿಸಿ ನನಗಿಂತ ಮುಂಚೆ ಬರುತ್ತಾರೆ. ಈ ಲ್ಯಾಬಿನಲ್ಲಿ ಹನ್ನೆರಡು ವರ್ಷ. ನನ್ನಂಥವರು ನಾಲ್ಕು ಜನ ಬಂದು ಹೋಗಿದ್ದಾರಂತೆ. ಐದನೆಯವನ ಬಗ್ಗೆ ಅಭಿಪ್ರಾಯ ಹೇಳಲಿಲ್ಲ.

೨೪ ಸೆಪ್ಟೆಂಬರ್, ಭಾನುವಾರ

ದಾವಣಗೆರೆಯಿಂದ ಗಿರಿಜಕ್ಕನ ಫೋನು. "ಅಲ್ಲಿ ಮಾತಾಡ್ಸೋಕೆ ಯಾರಾದ್ರೂ ಇದಾರೇನೋ?" ಇದ್ದಾರೆ ಅಂದೆ. ಯಾರು ಅಂತ ಕೇಳಿದಳು. ಗ್ರೇಸ್ ಬಿಟ್ಟು ಬೇರೆ ಹೆಸರು ಬಾಯಿಗೆ ಬರಲಿಲ್ಲ.

ಮಧ್ಯಾಹ್ನ ಸದಾಶಿವರ ಮನೆಯಲ್ಲಿ ಊಟ. ಇಂಡಸ್ಟ್ರಿಯಲ್ ಏರಿಯಾದ ಮಾತ್ರೆ ಕಂಪನಿಯಲ್ಲಿ ಮ್ಯಾನೇಜರು. ಎರಡು ತಿಂಗಳಿಗೊಮ್ಮೆ ನನ್ನನ್ನು ನೆನೆಸಿಕೊಳ್ಳುತ್ತಾರೆ. "ನೀವು ಎಕ್ಸಾಕ್ಟ್ಲಿ ಏನ್ಮಾಡ್ತೀರಿ ಚಿದಾನಂದ್ರೇ?" ಅಂದರು. ಹೇಳಿದೆ. ಪ್ರೋಟೀನ್ ಅಂದರೆ ಮಣಿಸರ. ಹೆಚ್ಚುಕಮ್ಮಿ ಎಲ್ಲ ಜೀವಿಗಳೂ ಇಪ್ಪತ್ತೇ ಬಗೆಯ ಮಣಿ ಪೋಣಿಸುತ್ತವೆ. ನಾನು ಪ್ರಕೃತಿ ಬಳಸದ ಇಪ್ಪತ್ತೊಂದನೆಯ ಮಣಿ ಸೇರಿಸಲು ಹೊರಟಿದ್ದೇನೆ. ಅದು ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ಎತ್ತಿ ತರಲು ಒಂದು ಎನ್‌ಜೈಮ್. ಅದು ಆ ಮಣಿಯೊಂದನ್ನೇ ಎತ್ತಬೇಕು, ಉಳಿದ ಇಪ್ಪತ್ತನ್ನು ಮುಟ್ಟಕೂಡದು. ಮಣಿ ಕೂತರೆ ಸರ ಪೂರ್ತಿಯಾಗಿ ಹಸಿರು ಹೊಳೆಯುತ್ತದೆ. ಮುಂದೆ ಅದೇ ಮಣಿಗೆ ಬೇಕಾದ್ದನ್ನು ಅಂಟಿಸಿ ದನಗಳ ಜ್ವರ ಪತ್ತೆ ಮಾಡುವ ಟೆಸ್ಟು. ಪುಡಿ ಹಾಕಿದ ಫ್ಲಾಸ್ಕ್ ಪ್ಲಸ್, ಹಾಕದ್ದು ಮೈನಸ್. ಮೈನಸ್ ಹೊಳೆಯಬಾರದು. ಹೊಳೆದರೆ ಎನ್‌ಜೈಮ್ ಯಾವುದೋ ಮಾಮೂಲಿ ಮಣಿಯನ್ನೇ ತಂದು ಕೂರಿಸಿದೆ ಅಂತ. ಅಲ್ಲಿಗೆ ಎಲ್ಲ ಸುಳ್ಳು.

"ಅಂದ್ರೆ ಏನೂ ಆಗ್ದೇ ಇರ್ಲಿ ಅಂತ ಕಾಯ್ತಾ ಕೂರೋ ಕೆಲ್ಸ," ಅಂದರು ವಿಜಿ, ಅವರ ಹೆಂಡತಿ. ಎಲ್ಲರೂ ನಕ್ಕರು. ಮಗ ಪ್ರಥಮ್ ಮಾತ್ರ, "ಅಂಕಲ್, ಹೂ ಚೆಕ್ಸ್ ದ ಮೈನಸ್?" ಅಂದ. ನಾನೇ ಅಂದೆ. ಇನ್ನೂ ಮಾಡಿಲ್ಲ ಅಂತ ಹೇಳಲಿಲ್ಲ.

೯ ಅಕ್ಟೋಬರ್, ಬೆಳಗ್ಗೆ

ಮೈನಸ್ ಹಸಿರು.

ಪ್ಲಸ್‌ಗಿಂತ ತುಸು ತಿಳಿ. ಅಷ್ಟೇ ವ್ಯತ್ಯಾಸ. ಗ್ರೇಸ್ ಎರಡನ್ನೂ ಬೆಳಕಿಗೆ ಹಿಡಿದರು. ನಾನೇ, "ಟಿಪ್ಸ್... ಪುಡಿ ಎಲ್ಲೋ ಅಂಟಿಕೊಂಡಿರಬೇಕು," ಅಂದೆ. ನನ್ನ ಮುಖ ನೋಡಿದರು.

ಡೈರೆಕ್ಟರ್ ಆಗಲೇ ದುಡ್ಡು ಕೊಡುವವರಿಗೆಲ್ಲ ಸುದ್ದಿ ಹೇಳಿಯಾಗಿದೆ. ನನ್ನ ಕಾಂಟ್ರಾಕ್ಟ್ ಡಿಸೆಂಬರ್‌ಗೆ ಮುಗಿಯುತ್ತದೆ.

೧೧ ಅಕ್ಟೋಬರ್

ಗಿಗಿರಿ. ಎಸಿ ರೂಮು, ನೀರಿನ ಬಾಟಲಿಗಳು. ಡೈರೆಕ್ಟರ್, ಪಕ್ಕದಲ್ಲಿ ಎಚ್‌ಆರ್ ಹೆಂಗಸು. ಮೈನಸ್ ಯಾಕೆ ಹೊಳೆಯಿತು? ತೊಳೆದ ಟಿಪ್ಸ್ ಮತ್ತೆ ಬಳಸಿದ್ದರಿಂದ ಇರಬಹುದು ಅಂದೆ. ತೊಳೆದದ್ದು ಯಾರು? ಟೆಕ್ನಿಷಿಯನ್. ಬರೆದುಕೊಡಿ ಅಂದರು. ಬರೆದುಕೊಟ್ಟೆ. ಒಂದೊಂದು ಪದವೂ ನಿಜ. ತೊಳೆಯಲು ಹೇಳಿದ್ದು ಯಾರು ಅಂತ ಅವರು ಕೇಳಲಿಲ್ಲ.

ಅಷ್ಟು ಹಸಿರಾಗಲು ಟಿಪ್ಪಿಗೆ ಅಂಟಿದ ಪುಡಿ ಸಾಲದು. ಅದೂ ಗೊತ್ತಿತ್ತು ನನಗೆ.

೧೭ ಅಕ್ಟೋಬರ್

ಗ್ರೇಸ್ ಇಲ್ಲ. ತಿಂಗಳು ತಿಂಗಳು ನವೀಕರಿಸುವ ಕೆಲಸವಂತೆ. ಈ ಸಲ ನವೀಕರಿಸಲಿಲ್ಲ. ಹನ್ನೆರಡು ವರ್ಷ ಹಾಗೇ ನಡೆದದ್ದು ನನಗೆ ಗೊತ್ತೇ ಇರಲಿಲ್ಲ. ನಿನ್ನೆ ನಾನು ಲೈಬ್ರರಿಯಲ್ಲಿದ್ದಾಗ ಬಂದು ಬೀಗದ ಕೈ ಕೊಟ್ಟು ಹೋಗಿದ್ದಾರೆ. ಲೈಬ್ರರಿಯಲ್ಲಿ ನನಗೇನೂ ಕೆಲಸವಿರಲಿಲ್ಲ.

ಹನ್ನೊಂದು ಗಂಟೆಗೆ ಚಹಾಕ್ಕೆ ಬನ್ನಿ ಅಂತ ಯಾರೂ "ಕರಿಬು ಚಾಯ್" ಅನ್ನಲಿಲ್ಲ. ಹನ್ನೊಂದು ದಾಟಿದ್ದು ಹನ್ನೆರಡೂವರೆಗೆ ತಿಳಿಯಿತು. ಇವತ್ತು ಬಾಯಿಬಿಟ್ಟು ಮಾತಾಡಿದ್ದು ಗೇಟು ಕಾಯುವ ಅಸ್ಕಾರಿ ಜೊತೆ ಮಾತ್ರ. ಎರಡು ಪದ.

೨೧ ಅಕ್ಟೋಬರ್, ಶನಿವಾರ, ದೀಪಾವಳಿ

ಬಂದರಿನಿಂದ ಟಿಪ್ಸ್ ಬಂದವು. ಸೀಲ್ ಒಡೆಯದ ಡಬ್ಬ. ಸದಾಶಿವರು ಊಟಕ್ಕೆ ಕರೆದಿದ್ದರು. ಜ್ವರ ಅಂದೆ. ಹೊಸ ಟಿಪ್ಸ್, ಬ್ಯಾಕ್ಟೀರಿಯಾ ಬೆಳೆಸುವ ಹೊಸ ಮೀಡಿಯಾ, ನನ್ನದೇ ಕೈ. ಪ್ಲಸ್ ಒಂದು, ಮೈನಸ್ ಮೂರು. ಶೇಕರ್‌ಗಿಟ್ಟು ಮನೆಗೆ ಬಂದೆ. ಎದುರು ಫ್ಲಾಟಿನ ಗುಜರಾತಿಗಳ ಮಕ್ಕಳು ಸುರುಸುರುಬತ್ತಿ ಹಚ್ಚುತ್ತಿದ್ದರು. ನೋಡುತ್ತ ನಿಂತೆ. ಅವರಲ್ಲೊಂದು ನನ್ನ ಕೈಗೂ ಒಂದು ಕೊಟ್ಟಿತು.

೨೨ ಅಕ್ಟೋಬರ್

ನಾಲ್ಕೂ ಹಸಿರು.

ಹಳೆಯ ನೋಟ್‌ಬುಕ್ ತೆಗೆದೆ. ಎನ್‌ಜೈಮ್ ಆರಿಸುವಾಗ ಎರಡು ಸಲ ಸೋಸಬೇಕು. ಮಾಮೂಲಿ ಮಣಿ ಮುಟ್ಟುವ ತಳಿಗಳನ್ನು ಸಾಯಿಸುವ ಸೋಸು, ಎರಡು ಸಲ. ಜೂನ್ ೨೯ರ ಪುಟ, ನನ್ನದೇ ಅಕ್ಷರ: "ಎರಡನೆಯದು ಸ್ಕಿಪ್. ರಿಪೋರ್ಟ್ ಡ್ಯೂ. ಮುಂದಿನ ವಾರ." ಆ ಮುಂದಿನ ವಾರ ಬರಲೇ ಇಲ್ಲ.

ಟಿಪ್ಸ್ ಅಲ್ಲ. ಗ್ರೇಸ್ ಅಲ್ಲ. ಫ್ಲಾಸ್ಕ್‌ಗಳಿಗೆ ಬ್ಲೀಚ್ ಸುರಿದು ತೊಳೆದಿಟ್ಟೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

೩ ನವೆಂಬರ್, ಶುಕ್ರವಾರ

ಹನ್ನೆರಡು ದಿನ ಏನೂ ಬರೆದಿಲ್ಲ. ಯಾರಿಗೂ ಏನೂ ಹೇಳಿಲ್ಲ.

ಇವತ್ತು ಗಿಗಿರಿಯಿಂದ ಪತ್ರ. ಕಾಂಟ್ರಾಕ್ಟ್ ಎರಡು ವರ್ಷ ವಿಸ್ತರಣೆ, "ತೊಂದರೆಯ ಮೂಲ ಬೇಗ ಪತ್ತೆ ಹಚ್ಚಿದ್ದಕ್ಕೆ" ಮೆಚ್ಚುಗೆಯ ಒಂದು ಸಾಲು. ಗಿರಿಜಕ್ಕನಿಗೆ ಫೋನ್ ಮಾಡೋಣ ಅನ್ನಿಸಿತು, ಮಾಡಲಿಲ್ಲ. ಸಿಂಕಿನ ಪಕ್ಕ ಗ್ರೇಸ್‌ರ ಮಗ್ ಇನ್ನೂ ಅಲ್ಲೇ ಇದೆ.

೪ ನವೆಂಬರ್, ಬೆಳಗ್ಗೆ ಹತ್ತು

ಡೈರೆಕ್ಟರ್‌ಗೆ ಮೇಲ್ ಕಳಿಸಿದೆ. ಎನ್‌ಜೈಮ್ ಕೆಟ್ಟದ್ದು, ಎರಡನೆಯ ಸೋಸು ನಾನೇ ಬಿಟ್ಟದ್ದು, ಸೆಪ್ಟೆಂಬರ್‌ನ ಫಲಿತಾಂಶ ವಾಪಸ್. ಟಿಪ್ಸ್‌ಗೂ ಇದಕ್ಕೂ ಸಂಬಂಧವಿಲ್ಲ, ಗ್ರೇಸ್ ಅಟಿಯೆನೊ ಅವರನ್ನು ಮತ್ತೆ ತೆಗೆದುಕೊಳ್ಳಬೇಕು. ವಿಸ್ತರಣೆ ಹೋಗಬಹುದು. ಹೋಗಲಿ ಅಂತ ಬರೆಯುವಷ್ಟು ಧೈರ್ಯವಿಲ್ಲ. ಹೋಗದಿರಲಿ.

೫ ನವೆಂಬರ್, ಭಾನುವಾರ, ಸಂಜೆ ಐದು

ಕಸರಾನಿಗೆ ಹೋಗಿಬಂದೆ. ಮಗ್ಗನ್ನು ಪೇಪರಿನಲ್ಲಿ ಸುತ್ತಿಕೊಂಡು. ಸ್ಟೇಡಿಯಂ ಹತ್ತಿರ ಇಳಿದು ಮೂರು ಕಡೆ ಕೇಳಬೇಕಾಯಿತು. ಗ್ರೇಸ್ ಚರ್ಚಿನಿಂದ ಆಗಷ್ಟೇ ಬಂದಿದ್ದರು, ನೀಲಿ ಉಡುಪು. ಗೇಟಿನ ಒಳಗೇ ನಿಂತರು. ಕರಿಬು ಅನ್ನಲಿಲ್ಲ.

ಎಲ್ಲ ಹೇಳಿದೆ. ಮೇಲ್‌ನ ಪ್ರಿಂಟ್ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಹಿಂದೆ ಮುಂದೆ ತಿರುಗಿಸಿದರು, ಇನ್ನೊಂದು ಪುಟ ಇರಬಹುದು ಅನ್ನುವ ಹಾಗೆ.

"ಟಿಪ್ಸ್ ತೊಳೆಯೋಕೆ ನನಗೆ ಯಾರು ಹೇಳಿದ್ದು ಅಂತ ಇದರಲ್ಲಿ ಇಲ್ಲ, ಡಾಕ್ಟಾರಿ."

"ಟಿಪ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ ಅಂತ ಬರೆದಿದ್ದೀನಲ್ಲ."

"ಎನ್‌ಜೈಮ್ ಕೆಟ್ಟದ್ದು ಅಂತ ಬರೆದಿದ್ದೀರಿ. ಅವರ ಫೈಲಲ್ಲಿ ನಾನು ಕೇಳದೆ ಮಾಡೋಳು ಅಂತ ಇದೆ. ಆ ಫೈಲ್ ನೋಡಿ ನನಗೆ ಯಾರು ಕೆಲಸ ಕೊಡ್ತಾರೆ?"

ಅವರು ಒಳಗೆ ಹೋದರು. ಚಹಾ ತರಲು ಹೋದರೇನೋ ಅಂದುಕೊಂಡೆ, ಮೂರ್ಖ. ನನ್ನ ಸ್ಟೀಲ್ ಡಬ್ಬಿ ತಂದು ಕೊಟ್ಟರು. ಚೆನ್ನಾಗಿ ಬೆಳಗಿದ್ದರು. ಮಗ್ ತೆಗೆದುಕೊಂಡರು. ಅಸಾಂಟೆ, ಥ್ಯಾಂಕ್ಸ್, ಅಂದರು, ಗೇಟು ಹಾಕಿದರು.

ಮಟಾಟುವಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದವನು ಅದರಲ್ಲಿ ಏನು ಅಂತ ಕೇಳಿದ. ಏನೂ ಇಲ್ಲ ಅಂದೆ.

ಈಗ ಕಂಪ್ಯೂಟರ್ ಹಚ್ಚಿದ್ದೇನೆ. ತಾರೀಕು ನೆನಪಿರಲಿಲ್ಲ, ಈ ಪುಸ್ತಕವನ್ನೇ ಹಿಂದಕ್ಕೆ ತಿರುಗಿಸಿದೆ. ನನ್ನ ಕೈಯಲ್ಲೇ ಬರೆದಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ —

"ಟಿಪ್ಸ್ ತೊಳೆದು ಮತ್ತೆ ಬಳಸಲು ಹೇಳಿದವನು ನಾನು. ಸೆಪ್ಟೆಂಬರ್ ನಾಲ್ಕು, ಸೋಮವಾರ. ಈ ಕೆಲಸಕ್ಕೆ ಬೇಡ ಎಂದು ಅವರು ಹೇಳಿದ್ದರು. ಹೇಳಿದಷ್ಟು ಮಾಡಿ ಎಂದು ನಾನು ಹೇಳಿದೆ."